ಅಂಡಮಾನ್ ಡೈವಿಂಗ್: ಹ್ಯಾವ್‌ಲಾಕ್‌ನಲ್ಲೇ ಉಳಿಯೋದಾ, ದ್ವೀಪ ದ್ವೀಪ ಸುತ್ತೋದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಕೊನೆಗೆ ಅಂಡಮಾನ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ನನ್ನ ತಮ್ಮ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಟಿಕೆಟ್ ಆಗಿದೆ. ಒಟ್ಟು ಆರು ರಾತ್ರಿ.

ಹೋಗುತ್ತಿರುವುದೇ ಡೈವಿಂಗ್‌ಗಾಗಿ. ಯಜಮಾನರು ನೇತ್ರಾಣಿಯಲ್ಲಿ ಓಪನ್ ವಾಟರ್ ಅನ್ನುವ ಮೊದಲ ಹಂತದ ಡೈವಿಂಗ್ ಕೋರ್ಸ್ ಮುಗಿಸಿದ್ದಾರೆ. ತಮ್ಮನಿಗೆ ಈಜು ಚೆನ್ನಾಗಿ ಬರುತ್ತದೆ, ಡೈವಿಂಗ್ ಹೊಸದು. ನನಗೆ ಈಜು ಬರೋದಿಲ್ಲ. ಆದರೂ ಒಂದು ಸಲ ಕೆಳಗಿಳಿದು ನೋಡಲೇಬೇಕು ಅಂತ ತುಂಬಾ ವರ್ಷದ ಆಸೆ.

ಟ್ರಾವೆಲ್ ಏಜೆಂಟ್ ಕೊಟ್ಟ ಪ್ಲ್ಯಾನ್ ಹೀಗಿದೆ. ಪೋರ್ಟ್ ಬ್ಲೇರ್ ಒಂದು ರಾತ್ರಿ, ಹ್ಯಾವ್‌ಲಾಕ್ ಎರಡು, ನೀಲ್ ಒಂದು, ವಾಪಸ್ ಪೋರ್ಟ್ ಬ್ಲೇರ್ ಎರಡು. ಮಧ್ಯೆ ಒಂದು ದಿನ ಬಾರಾಟಾಂಗ್ ಸುಣ್ಣದ ಗುಹೆಗಳು. ಕೊನೆಯ ದಿನ ಬೆಳಗ್ಗೆ ಚಿಡಿಯಾ ಟಾಪುವಿನಲ್ಲಿ ಡೈವ್, ಮಧ್ಯಾಹ್ನ ವಿಮಾನ. ಮೂರು ಜಾಗದಲ್ಲೂ ಒಂದೊಂದು ಡೈವ್ ಆಗುತ್ತದೆ ಅನ್ನುತ್ತಾರೆ. ಇದು ಸರಿಯಾ? ಅನುಭವ ಇರುವವರು ದಯವಿಟ್ಟು ಹೇಳಿ.

ಕರಾವಳಿ ಡೈವರ್

ಮೇಡಂ, ಬೇರೆ ಮಾತಿಗೆ ಮುಂಚೆ ಒಂದು ವಿಷಯ. ಆ ಕೊನೆಯ ದಿನದ ಡೈವ್ ಈಗಲೇ ತೆಗೆಸಿಬಿಡಿ. ಬೆಳಗ್ಗೆ ಡೈವ್ ಮಾಡಿ ಮಧ್ಯಾಹ್ನ ವಿಮಾನ ಹತ್ತುವಂತಿಲ್ಲ. ನೀರಿನಡಿ ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ಮೈಯಲ್ಲಿ ಕರಗಿ ಸೇರಿಕೊಂಡಿರುತ್ತದೆ. ಅದು ನಿಧಾನವಾಗಿ ಉಸಿರಿನ ಮೂಲಕ ಹೊರಗೆ ಹೋಗಬೇಕು. ವಿಮಾನದಲ್ಲಿ ಒತ್ತಡ ಕಡಿಮೆ. ಅಲ್ಲಿ ಅದು ರಕ್ತದಲ್ಲಿ, ಕೀಲುಗಳಲ್ಲಿ ಗುಳ್ಳೆಯಾಗಿ ಹೊರಬರಬಹುದು. ಒಂದೇ ಒಂದು ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ದಿನಾ ದಿನಾ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು ಅನ್ನೋದು ಪ್ರಪಂಚದಾದ್ಯಂತ ಪಾಲಿಸುವ ನಿಯಮ. ನಾನು ಎಲ್ಲರಿಗೂ ಹೇಳುವುದು ಪೂರ್ತಿ ಒಂದು ದಿನ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹ್ಯಾವ್‌ಲಾಕ್‌ನಲ್ಲೇ ಉಳಿಯಿರಿ. 2018ರಿಂದ ಸರ್ಕಾರಿ ಹೆಸರು ಸ್ವರಾಜ್ ದ್ವೀಪ, ಟಿಕೆಟ್‌ನಲ್ಲಿ ಹಾಗೇ ಬರೆದಿರುತ್ತಾರೆ, ಗಾಬರಿ ಆಗಬೇಡಿ. ಪೋರ್ಟ್ ಬ್ಲೇರ್‌ಗೂ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರು ಬಂದಿದೆ.

ಯಾಕೆ ಒಂದೇ ಕಡೆ ಅಂದರೆ, ಡೈವಿಂಗ್‌ನಲ್ಲಿ ಮೊದಲ ದಿನ ಪೂರ್ತಿ ಹೊಂದಿಕೊಳ್ಳುವುದಕ್ಕೇ ಹೋಗುತ್ತದೆ. ಮಾಸ್ಕ್ ಸರಿ ಕೂರಬೇಕು, ಸೊಂಟಕ್ಕೆ ಎಷ್ಟು ತೂಕ ಬೇಕು ಅಂತ ಗೊತ್ತಾಗಬೇಕು, ಕಿವಿ ಒಗ್ಗಬೇಕು. ಇನ್‌ಸ್ಟ್ರಕ್ಟರ್‌ಗೂ ನಿಮ್ಮ ಸ್ವಭಾವ ಅರ್ಥ ಆಗಬೇಕು. ಎರಡನೇ ದಿನ ನೀವು ಮೀನು ನೋಡುತ್ತೀರಿ. ಮೂರನೇ ದಿನ ನಿಜವಾಗಿ ಡೈವ್ ಮಾಡುತ್ತೀರಿ. ಏಜೆಂಟ್ ಪ್ಲ್ಯಾನ್‌ನಲ್ಲಿ ಮೂರು ಜಾಗದಲ್ಲೂ ನಿಮಗೆ ಸಿಗುವುದು ಆ ಮೊದಲ ದಿನ ಮಾತ್ರ.

ಇನ್ನೊಂದು, ಫೆರ್ರಿ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಹಡಗಿನಲ್ಲಿ ಒಂದೂವರೆ ಗಂಟೆಯ ಆಸುಪಾಸು, ಸರ್ಕಾರಿ ಹಡಗಿನಲ್ಲಿ ಎರಡೂವರೆ. ಕೇಳಲಿಕ್ಕೆ ಕಡಿಮೆ. ಆದರೆ ಜೆಟ್ಟಿಗೆ ಬೇಗ ಹೋಗಿ ಕಾಯಬೇಕು, ಲಗೇಜ್ ಸ್ಕ್ಯಾನ್, ಇಳಿದು ಆಟೋ, ಹೋಟೆಲ್ ಚೆಕ್ ಇನ್. ದ್ವೀಪ ಬದಲಿಸಿದ ಪ್ರತಿ ಸಲವೂ ಒಂದು ಬೆಳಗ್ಗೆ ಹೋಯಿತು ಅಂತಲೇ ಲೆಕ್ಕ. ಅಲ್ಲಿ ಡೈವಿಂಗ್ ನಡೆಯುವುದೇ ಬೆಳಗ್ಗೆ. ಆರೂವರೆ ಏಳಕ್ಕೆ ಬೋಟ್ ಹೊರಟು ಮಧ್ಯಾಹ್ನಕ್ಕೆ ವಾಪಸ್. ಅಂಡಮಾನ್ ಅಷ್ಟು ಪೂರ್ವದಲ್ಲಿದ್ದರೂ ಗಡಿಯಾರ ನಮ್ಮದೇ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಹೊತ್ತು ಮುಳುಗುತ್ತದೆ.

ನಿಮ್ಮ ವಿಮಾನ ಬೆಳಗ್ಗೆ ಬೇಗ ಇಳಿಯುವುದಾದರೆ ಅವತ್ತೇ ಮಧ್ಯಾಹ್ನದ ಫೆರ್ರಿ ಹಿಡಿಯಿರಿ. ಹ್ಯಾವ್‌ಲಾಕ್ ಐದು ರಾತ್ರಿ, ಕೊನೆಯ ರಾತ್ರಿ ಪೋರ್ಟ್ ಬ್ಲೇರ್. ಆ ಕೊನೆಯ ದಿನ ಸೆಲ್ಯುಲರ್ ಜೈಲು ನಿಧಾನವಾಗಿ ನೋಡಿ. ವಿಮಾನಕ್ಕೆ ಮುಂಚೆ ಬೇಕಾದ ಬಿಡುವೂ ಸಿಕ್ಕಿತು.

ಬಸವನಗುಡಿ ಬಾಯ್

ಕರಾವಳಿ ಸರ್ ಹೇಳಿದ್ದು ಒಪ್ಪುತ್ತೇನೆ, ಆದರೆ ನೀಲ್ ಅನ್ನು ಪೂರ್ತಿ ಬಿಟ್ಟುಬಿಡಿ ಅನ್ನೋದು ನನಗೆ ಸರಿ ಕಾಣಲ್ಲ. ನೀಲ್ ಚಿಕ್ಕ ದ್ವೀಪ, ಸೈಕಲ್‌ನಲ್ಲೇ ಸುತ್ತಬಹುದು. ಹ್ಯಾವ್‌ಲಾಕ್‌ಗಿಂತ ಜನ ಕಡಿಮೆ. ಜಂಕ್ಷನ್, ಬಸ್ ಸ್ಟಾಪ್ ಅಂತ ಡೈವ್ ಸೈಟ್‌ಗಳಿವೆ. ಜೆಟ್ಟಿಯಿಂದ ಬೋಟ್‌ನಲ್ಲಿ ಸ್ವಲ್ಪ ಹೊತ್ತಿಗೇ ತಲುಪುತ್ತೀರಿ. ಅಲ್ಲಿನ ಡೈವ್ ಸೆಂಟರ್‌ಗಳೂ ಚಿಕ್ಕವು. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಇಬ್ಬರೇ, ಕೆಲವು ಸಲ ಒಬ್ಬರೇ. ಭರತ್‌ಪುರ ಬೀಚ್ ಕಡೆ ಸಮುದ್ರಹುಲ್ಲು ಬೆಳೆದಿದೆ, ಅದೃಷ್ಟ ಇದ್ದರೆ ಕಡಲಹಸು ಅಂದರೆ ಡ್ಯೂಗಾಂಗ್ ಕಾಣಿಸಿಕೊಳ್ಳುತ್ತದೆ. ಅಂಡಮಾನ್‌ನ ರಾಜ್ಯಪ್ರಾಣಿ ಅದು.

ಈಜು ಬಾರದವರಿಗೆ, ಗದ್ದಲ ಬೇಡ ಅನ್ನುವವರಿಗೆ ನೀಲ್ ಹೆಚ್ಚು ಒಗ್ಗುತ್ತದೆ ಅಂತ ನನ್ನ ಅಭಿಪ್ರಾಯ.

ಕರಾವಳಿ ಡೈವರ್

@ಬಸವನಗುಡಿ ಬಾಯ್, ನೀಲ್ ಚೆನ್ನಾಗಿಲ್ಲ ಅಂತ ನಾನು ಹೇಳಲೇ ಇಲ್ಲ ಗುರುಗಳೇ. ನೀಲ್‌ನಲ್ಲೇ ಐದು ರಾತ್ರಿ ಇರುತ್ತೇನೆ ಅಂದರೂ ನನ್ನ ತಕರಾರಿಲ್ಲ. ಎರಡನ್ನೂ ತುರುಕಿಕೊಳ್ಳಬೇಡಿ ಅನ್ನೋದಷ್ಟೇ. ಆದರೆ ಇವರ ಮನೆಯವರು ಆಗಲೇ ಕೋರ್ಸ್ ಮುಗಿಸಿದ್ದಾರೆ. ಅವರಿಗೆ ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ತೋರಿಸದೆ ಕಳಿಸಲಿಕ್ಕೆ ಮನಸ್ಸು ಬರೋದಿಲ್ಲ. ಅವೆರಡೂ ಇರುವುದು ಹ್ಯಾವ್‌ಲಾಕ್ ಕಡೆ.

ತುಂಗಾತೀರ

ಬೆಳಗ್ಗೆಯೇ ಏಜೆಂಟ್‌ಗೆ ಫೋನ್ ಮಾಡಿ ಕೊನೆಯ ದಿನದ ಡೈವ್ ತೆಗೆಸಿದೆ. ತುಂಬಾ ಥ್ಯಾಂಕ್ಸ್ ಸರ್.

ಡಿಕ್ಸನ್ಸ್, ಜಾನೀಸ್ ಅಂದರೆ ಏನು? ಮೂವರೂ ಒಟ್ಟಿಗೆ ಅಲ್ಲಿಗೆ ಹೋಗಬಹುದಾ?

ಕರಾವಳಿ ಡೈವರ್

ಒಟ್ಟಿಗೆ ಆಗಲ್ಲ ಮೇಡಂ. ಯಾರಿಗೆ ಎಷ್ಟು ಆಳ ಅನ್ನೋದು ನಿಗದಿ ಇದೆ. ಕೋರ್ಸ್ ಮಾಡದವರ ಟ್ರೈ ಡೈವ್ ಗರಿಷ್ಠ 12 ಮೀಟರ್. ಓಪನ್ ವಾಟರ್ ಆದವರಿಗೆ 18. ಅದರ ಮುಂದಿನ ಅಡ್ವಾನ್ಸ್ಡ್ ಕೋರ್ಸ್ ಆದವರಿಗೆ 30.

ಡಿಕ್ಸನ್ಸ್ ಪಿನಾಕಲ್ ಅಂದರೆ ಸಮುದ್ರದಡಿ ಎದ್ದು ನಿಂತ ಮೂರು ಬಂಡೆಗಳು. ಮೇಲೆ ಏನೂ ಕಾಣಿಸಲ್ಲ, ಬರೀ ನೀಲಿ ನೀರು. ಬೋಟ್‌ನವರು ಗುರುತು ಹಿಡಿದು ನಿಲ್ಲಿಸುತ್ತಾರೆ. ಬಂಡೆಯ ನೆತ್ತಿಯೇ ಹದಿನಾರು ಹದಿನೆಂಟು ಮೀಟರ್ ಕೆಳಗಿದೆ. ಅಲ್ಲಿಂದ ಕೆಳಕ್ಕೆ ಮೂವತ್ತರ ಆಚೆಗೆ ಇಳಿಯುತ್ತದೆ. ಅಂದರೆ ನಿಮ್ಮ ಯಜಮಾನರ ಮಿತಿ ಮುಗಿಯುವ ಜಾಗದಲ್ಲಿ ಆ ಡೈವ್ ಶುರು ಆಗುತ್ತದೆ.

ಹಗ್ಗ ಹಿಡಿದು ಇಳಿಯುತ್ತಾ ಹೋದಂತೆ ಮೊದಲು ಬ್ಯಾಟ್‌ಫಿಶ್‌ಗಳು ಬರುತ್ತವೆ. ತಟ್ಟೆಯಷ್ಟು ಅಗಲ, ಮನುಷ್ಯರ ಭಯ ಇಲ್ಲ, ಮುಖದ ಹತ್ತಿರವೇ ಬಂದು ನಿಲ್ಲುತ್ತವೆ. ಅವುಗಳ ಹಿಂದೆ ಬಂಡೆ ಕಾಣುತ್ತದೆ. ಮೈತುಂಬಾ ನೇರಳೆ ಬಣ್ಣದ ಮೆದು ಹವಳ. ಕರೆಂಟ್, ಅಂದರೆ ನೀರಿನ ಸೆಳೆತ ಇದ್ದ ದಿನ ಅವು ಉಬ್ಬಿ ಅರಳಿರುತ್ತವೆ, ಕರೆಂಟ್ ಇಲ್ಲದ ದಿನ ಮುದುಡಿಕೊಂಡಿರುತ್ತವೆ. ಬಂಡೆಯ ಸಂದುಗಳಲ್ಲಿ ಗ್ರೂಪರ್, ಲಯನ್‌ಫಿಶ್. ಮೇಲಿನ ನೀರಿನಲ್ಲಿ ಸ್ನ್ಯಾಪರ್‌ಗಳ ಹಳದಿ ಹಿಂಡು.

ಜಾನೀಸ್ ಗಾರ್ಜ್ ಇನ್ನೂ ಸ್ವಲ್ಪ ಆಳ, ಇಪ್ಪತ್ತು ದಾಟಿದ ಮೇಲೆಯೇ. ಬಿಳಿತುದಿಯ ರೀಫ್ ಶಾರ್ಕ್, ಬ್ಯಾರಾಕುಡಾ ಹಿಂಡು, ದೊಡ್ಡ ಟ್ರೆವಲಿಗಳು. ಹ್ಯಾವ್‌ಲಾಕ್‌ನಲ್ಲಿ ಮೀನು ಜಾಸ್ತಿ ಎಲ್ಲಿ ಅಂತ ಕೇಳಿದರೆ ಬಹಳ ಜನ ಇದರ ಹೆಸರೇ ಹೇಳುತ್ತಾರೆ. ಜ್ಯಾಕ್ಸನ್ಸ್ ಬಾರ್ ಅಂತ ಇನ್ನೊಂದಿದೆ, ಚಪ್ಪಟೆ ಕಲ್ಲಿನ ಹಾಸು. ಅಲ್ಲಿ ತೊರಕೆ ಮೀನು (ಸ್ಟಿಂಗ್‌ರೇ), ಕಡಲಹಾವು ನೋಡಲಿಕ್ಕೆ ಚೆಂದ.

ಆದ್ದರಿಂದ ನನ್ನ ಸಲಹೆ: ನಿಮ್ಮ ಯಜಮಾನರು ಅಲ್ಲೇ ಅಡ್ವಾನ್ಸ್ಡ್ ಕೋರ್ಸ್ ಮಾಡಲಿ. ಅದರಲ್ಲಿ ಪರೀಕ್ಷೆಗಿಂತ ಡೈವ್‌ಗಳೇ ಮುಖ್ಯ, ಒಟ್ಟು ಐದು. ಅವುಗಳಲ್ಲಿ ಒಂದು ಆಳದ ಡೈವ್, ಒಂದು ದಿಕ್ಸೂಚಿ ಹಿಡಿದು ದಾರಿ ಹುಡುಕುವುದು, ಇವೆರಡು ಕಡ್ಡಾಯ. ಎರಡು ದಿನದಲ್ಲಿ ಮುಗಿಯುತ್ತದೆ. ಮೂರನೇ ದಿನ ಡಿಕ್ಸನ್ಸ್‌ಗೆ ಹೋಗಬಹುದು.

ನಿಮ್ಮ ತಮ್ಮ ಅದೇ ಸಮಯಕ್ಕೆ ಓಪನ್ ವಾಟರ್ ಮುಗಿಸಿಕೊಳ್ಳಲಿ. ಮೂರು ನಾಲ್ಕು ದಿನ ಬೇಕು. ಓದುವ ಭಾಗ ಮನೆಯಲ್ಲೇ ಮೊಬೈಲ್‌ನಲ್ಲಿ ಮುಗಿಸಿಕೊಂಡು ಹೋದರೆ ಅಲ್ಲಿ ಸಮಯ ಉಳಿಯುತ್ತದೆ. ಟ್ರೈ ಡೈವ್‌ಗೆ ಕೊಡುವ ದುಡ್ಡಿನ ಐದಾರು ಪಟ್ಟು ಆಗಬಹುದು. ಆದರೆ ಆ ಕಾರ್ಡ್ ಜೀವನಪೂರ್ತಿ ಇರುತ್ತದೆ.

ನಿಮಗೆ ಟ್ರೈ ಡೈವ್. ಈಜು ಬೇಕಿಲ್ಲ, ಇನ್‌ಸ್ಟ್ರಕ್ಟರ್ ಕೈ ಬಿಡುವುದೇ ಇಲ್ಲ. ಕೋರ್ಸ್ ಮಾಡಬೇಕೆಂದರೆ ಮಾತ್ರ 200 ಮೀಟರ್ ಈಜಬೇಕು, ಹತ್ತು ನಿಮಿಷ ನೀರಿನ ಮೇಲೆ ತೇಲಬೇಕು.

ಹುಬ್ಬಳ್ಳಿ ಅಕ್ಕ

ತುಂಗಾತೀರ ಅವರೇ, ನನಗೂ ಈಜು ಬರುತ್ತಿರಲಿಲ್ಲ. ಹ್ಯಾವ್‌ಲಾಕ್‌ನ ನೀಮೋ ರೀಫ್‌ನಲ್ಲಿ ಮಾಡಿದೆ. ಬೋಟ್ ಬೇಡ, ದಂಡೆಯಿಂದಲೇ ನಡೆದುಕೊಂಡು ಹೋಗಿ ಇಳಿಯುವ ಜಾಗ. ನಿಮ್ಮಂಥವರಿಗೆ ಅದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ. ಬೋಟ್‌ನಲ್ಲಾದರೆ ಹಿಂದಕ್ಕೆ ಉರುಳಿ ಬೀಳಬೇಕು, ಕಾಲಿಗೆ ನೆಲ ಸಿಗಲ್ಲ, ಮೊದಲ ಸಲಕ್ಕೆ ಎದೆ ಹೊಡೆದುಕೊಳ್ಳುತ್ತದೆ.

ಅಲ್ಲಿ ಸೊಂಟದ ತನಕ ನೀರಿನಲ್ಲಿ ನಿಲ್ಲಿಸಿ ಬಾಯಲ್ಲಿ ಉಸಿರಾಡಿಸಿದರು. ಮಾಸ್ಕ್ ಒಳಗೆ ಬೇಕಂತಲೇ ನೀರು ತುಂಬಿಸಿ ಮೂಗಿನಿಂದ ಊದಿ ಹೊರಹಾಕುವುದು ಕಲಿಸಿದರು. ಕೈಸನ್ನೆ ಹೇಳಿಕೊಟ್ಟರು. ಹೆಬ್ಬೆಟ್ಟು ಮೇಲೆ ಮಾಡಿದರೆ ಮೇಲೆ ಹೋಗೋಣ ಅಂತ ಅರ್ಥ. ಚೆನ್ನಾಗಿದೆ ಅನ್ನಲಿಕ್ಕೆ ತೋರುಬೆರಳು ಹೆಬ್ಬೆರಳು ಸೇರಿಸಿ ಉಂಗುರ ಮಾಡಬೇಕು. ಇದನ್ನು ಹಿಂದಿನ ದಿನವೇ ಅಭ್ಯಾಸ ಮಾಡಿಕೊಳ್ಳಿ, ಖುಷಿಯಲ್ಲಿ ಹೆಬ್ಬೆಟ್ಟು ಎತ್ತುವುದು ನಮಗೆಲ್ಲ ರೂಢಿ.

ಕೆಳಗೆ ಹೋದ ಮೇಲೆ ಒಂದು ಸದ್ದು ಕೇಳಿಸುತ್ತಲೇ ಇತ್ತು. ಹುರಿಗಡಲೆ ಅಗಿದಂತೆ ಕರಕರ ಅಂತ. ಇನ್‌ಸ್ಟ್ರಕ್ಟರ್ ಬೆರಳು ಮಾಡಿ ತೋರಿಸಿದರು. ಹಸಿರು ನೀಲಿ ಬಣ್ಣದ ಮೀನೊಂದು ಕಲ್ಲನ್ನು ಕಚ್ಚಿ ಕಚ್ಚಿ ತಿನ್ನುತ್ತಿತ್ತು. ಎರಡು ಬಿಳಿ ಹಲ್ಲು ಎದ್ದು ಕಾಣುತ್ತಿದ್ದವು. ಅಷ್ಟು ಹತ್ತಿರದಿಂದ ನಾನು ನೋಡುತ್ತಿದ್ದರೂ ಅದು ತನ್ನ ಪಾಡಿಗೆ ತಿನ್ನುತ್ತಲೇ ಇತ್ತು.

ಹವಳ ವಿದ್ಯಾರ್ಥಿ

ಹುಬ್ಬಳ್ಳಿ ಅಕ್ಕಾ, ಅದು ಪ್ಯಾರಟ್‌ಫಿಶ್. ಕಲ್ಲಿನ ಮೇಲಿನ ಪಾಚಿಗಾಗಿ ಕೆರೆಯುತ್ತದೆ. ಜೊತೆಗೆ ಹೊಟ್ಟೆಗೆ ಹೋದ ಸುಣ್ಣದ ಕಲ್ಲು ಪುಡಿಯಾಗಿ ಮರಳಾಗಿ ಹೊರಬರುತ್ತದೆ. ನೀವು ನಡೆದ ಬಿಳಿ ಮರಳಿನಲ್ಲಿ ಒಂದು ಪಾಲು ಹಾಗೆ ಆದದ್ದು. ಆ ಮೀನು ಪಾಚಿ ತಿಂದು ಜಾಗ ಖಾಲಿ ಮಾಡಿಕೊಟ್ಟರೆ ಮಾತ್ರ ಮರಿ ಹವಳ ಬಂದು ಕೂರುತ್ತದೆ. ಹೋಟೆಲ್‌ನಲ್ಲಿ ಅದನ್ನು ಊಟಕ್ಕೆ ಕೊಡಲು ಬಂದರೆ ದಯವಿಟ್ಟು ಬೇಡ ಅನ್ನಿ. ಬಂಗುಡೆ, ಟ್ಯೂನಾ ಕೇಳಿ ತಿನ್ನಿ.

ಹೋಗುವವರಿಗೆ ಇನ್ನೊಂದು ಮಾತು. ತೀರದ ಹತ್ತಿರ ಕಡಿಮೆ ಆಳದಲ್ಲಿ ಸತ್ತ ಹವಳ ಬಹಳ ಕಾಣುತ್ತದೆ. ಬೇಜಾರಾಗಬೇಡಿ, ಕಾರಣ ತಿಳಿದುಕೊಳ್ಳಿ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ಊಟ ಕೊಡುವುದೂ ಬಣ್ಣ ಕೊಡುವುದೂ ಅದೇ. ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಅಂಡಮಾನ್‌ನಲ್ಲಿ 1998ರಲ್ಲಿ, ಮತ್ತೆ 2010ರ ಬೇಸಿಗೆಯಲ್ಲಿ, 2016ರಲ್ಲಿ ಹೀಗಾಯಿತು. 2010ರ ಹೊಡೆತ ತುಂಬಾ ಜೋರಾಗಿತ್ತು. ಮಧ್ಯೆ 2004ರ ಸುನಾಮಿ ಬೇರೆ. ಆಳದ ಬಂಡೆಗಳು ಹೆಚ್ಚು ಪಾರಾದವು. ಡಿಕ್ಸನ್ಸ್‌ನಂಥ ಜಾಗಗಳು ಇವತ್ತೂ ತುಂಬಿಕೊಂಡಿರುವುದಕ್ಕೆ ಅದೂ ಒಂದು ಕಾರಣ.

ಉಳಿದದ್ದನ್ನು ನಾವು ಉಳಿಸಬೇಕು. ನೀರಿನಡಿ ಹವಳದ ಮೇಲೆ ನಿಲ್ಲಬೇಡಿ, ಅದನ್ನು ಹಿಡಿಯಬೇಡಿ. ಕಾಲಿಗೆ ಹಾಕುವ ಫಿನ್‌ನ ಒಂದು ಏಟಿಗೆ ಮುರಿಯುವ ಕೊಂಬೆ ಬೆಳೆದಿರುವುದು ವರ್ಷಗಟ್ಟಲೆ. ದಂಡೆಯಲ್ಲಿ ಬಿದ್ದ ಹವಳದ ತುಂಡನ್ನೂ ಬ್ಯಾಗಿಗೆ ಹಾಕಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ಹುಲಿಯಷ್ಟೇ ರಕ್ಷಣೆ ಇದೆ.

ಬಸವನಗುಡಿ ಬಾಯ್

ಹುಲಿಯಷ್ಟೇ ಅಂತ ಗೊತ್ತಿರಲಿಲ್ಲ. ಒಳ್ಳೆಯ ಮಾಹಿತಿ.

ಕುಂದಾಪುರದ ಬೋಟ್‌ಮನೆ

ನಮ್ಮದು ಮೀನುಗಾರರ ಮನೆ. ಡೈವಿಂಗ್ ಆಮೇಲೆ ಕಲಿತದ್ದು. ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಟಿಕೆಟ್ ಮಾಡುವ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ.

ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮರುದಿನಗಳಲ್ಲಿ ಉಬ್ಬರ ಇಳಿತ ಜೋರು. ನೀರು ಓಡಾಡುವುದು ಜಾಸ್ತಿ, ಕರೆಂಟ್ ಜಾಸ್ತಿ, ತಳದ ಮಣ್ಣು ಏಳುತ್ತದೆ. ಅಷ್ಟಮಿಯ ಆಸುಪಾಸಿನ ದಿನಗಳಲ್ಲಿ ಏರಿಳಿತ ಕಡಿಮೆ, ನೀರು ಸಮಾಧಾನವಾಗಿರುತ್ತದೆ. ಹೊಸಬರ ಕೋರ್ಸ್‌ಗೆ ಆ ದಿನಗಳೇ ಒಳ್ಳೆಯವು. ಜೋರು ಕರೆಂಟ್‌ನಲ್ಲಿ ದೊಡ್ಡ ಮೀನು ಬರುತ್ತದೆ ನಿಜ, ಅದು ಅನುಭವ ಇದ್ದವರಿಗೆ.

ಹ್ಯಾವ್‌ಲಾಕ್‌ನ ಪೂರ್ವದ ದಂಡೆಯಲ್ಲಿ, ಅಂದರೆ ವಿಜಯನಗರ ಬೀಚ್ ಕಡೆ, ದೊಡ್ಡ ಇಳಿತದ ದಿನ ನೀರು ಎಷ್ಟು ಹಿಂದೆ ಸರಿಯುತ್ತದೆ ಅಂದರೆ ಕಲ್ಲಿನ ಮೇಲೆ ನಡೆದುಕೊಂಡು ಹೋಗಬೇಕು. ದಂಡೆಯಿಂದ ಇಳಿಯುವ ಟ್ರೈ ಡೈವ್ ಸಮಯವನ್ನು ಅಲ್ಲಿನವರು ಉಬ್ಬರ ನೋಡಿಯೇ ಕೊಡುತ್ತಾರೆ. ಅವರು ಮಧ್ಯಾಹ್ನ ಬನ್ನಿ ಅಂದರೆ ಮಧ್ಯಾಹ್ನವೇ ಹೋಗಿ, ಬೆಳಗ್ಗೆಯೇ ಬೇಕು ಅಂತ ಹಟ ಮಾಡಬೇಡಿ.

ಕರಾವಳಿ ಡೈವರ್

ಕುಂದಾಪುರದವರು ಹೇಳಿದ್ದು ನೂರಕ್ಕೆ ನೂರು ಸರಿ. ತಿಂಗಳ ವಿಷಯವನ್ನೂ ಸೇರಿಸುತ್ತೇನೆ. ಅಕ್ಟೋಬರ್‌ನಿಂದ ಮೇ ತನಕ ಸೀಸನ್. ಅದರಲ್ಲೂ ಜನವರಿ ಕಳೆದ ಮೇಲೆ ಸಮುದ್ರ ತಣ್ಣಗಿರುತ್ತದೆ. ತಣ್ಣಗೆ ಅಂದರೆ ಅಲೆ ಇಲ್ಲ ಅಂತ, ನೀರೇನೂ ಚಳಿ ಇರಲ್ಲ, 26ರಿಂದ 30 ಡಿಗ್ರಿ. ನವೆಂಬರ್ ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದ ಭಯ. ಚಂಡಮಾರುತ ನಮ್ಮ ಹತ್ತಿರ ಬರಬೇಕಂತಿಲ್ಲ, ದೂರದಲ್ಲಿ ಎದ್ದರೂ ಫೆರ್ರಿ ನಿಲ್ಲಿಸುತ್ತಾರೆ. ನೀವು ಆರಿಸಿದ ಫೆಬ್ರವರಿ ಕೊನೆ ಒಳ್ಳೆಯ ಸಮಯ.

ಮಂಡ್ಯದ ಕಿವಿ ಡಾಕ್ಟರ್

ಓದುತ್ತಾ ಬಂದೆ. ಕಿವಿಯ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ, ನಾನು ಹೇಳುತ್ತೇನೆ. ಡೈವಿಂಗ್ ಮಾಡಿ ಬಂದು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕಿವಿ ನೋವಿನವರೇ.

ಮೇಲೆ ಇರುವ ಗಾಳಿಯ ಒತ್ತಡ ಹತ್ತು ಮೀಟರ್ ಕೆಳಗೆ ಹೋಗುವಷ್ಟರಲ್ಲಿ ಎರಡರಷ್ಟಾಗುತ್ತದೆ. ಆಮೇಲಿನ ಹತ್ತು ಮೀಟರ್‌ಗೆ ಒಂದೂವರೆ ಪಟ್ಟು ಮಾತ್ರ. ಅಂದರೆ ಕಿವಿಗೆ ಅತಿ ಕಷ್ಟ ಕೊಡುವುದು ಮೊದಲ ಕೆಲವು ಮೀಟರ್‌ಗಳೇ. ಕಡಿಮೆ ಆಳ, ಏನಾಗುತ್ತದೆ ಅಂತ ಅಂದುಕೊಳ್ಳಬೇಡಿ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿ ಒತ್ತಬೇಕು. ಕಿವಿಯಲ್ಲಿ ಟಪ್ ಅಂತ ಬಿಡುತ್ತದೆ. ಇಳಿಯಲು ಶುರು ಮಾಡಿದ ಕೂಡಲೇ ಮಾಡಿ, ಮತ್ತೆ ಅರ್ಧ ಒಂದು ಮೀಟರ್‌ಗೆ ಇನ್ನೊಮ್ಮೆ. ನೋವು ಬರುವ ತನಕ ಕಾಯಬೇಡಿ. ನೋವು ಬಂತಾ, ಇನ್‌ಸ್ಟ್ರಕ್ಟರ್‌ಗೆ ಕಿವಿ ತೋರಿಸಿ ಸನ್ನೆ ಮಾಡಿ, ಸ್ವಲ್ಪ ಮೇಲೆ ಬನ್ನಿ, ಮತ್ತೆ ಪ್ರಯತ್ನಿಸಿ. ಬಲವಂತವಾಗಿ ಜೋರಾಗಿ ಊದಿದರೆ ಒಳಕಿವಿಗೆ ಪೆಟ್ಟಾಗಬಹುದು.

ನೆಗಡಿ ಇದ್ದರೆ ಡೈವ್ ಬೇಡ. ಮೂಗು ಬಿಡುವ ಮಾತ್ರೆ ತಿಂದು ಇಳಿಯುತ್ತೇನೆ ಅನ್ನುವವರಿದ್ದಾರೆ. ಮಾತ್ರೆಯ ಪ್ರಭಾವ ನೀರಿನಡಿಯೇ ಇಳಿದರೆ ಒಳಗಿನ ಗಾಳಿ ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ. ಮೇಲೆ ಬರುವುದೇ ಕಷ್ಟ. ಒಂದೇ ಕಡೆ ಐದು ರಾತ್ರಿ ಇರಿ ಅನ್ನುವ ಸಲಹೆ ನನಗೆ ಇಷ್ಟ ಆಗಿದ್ದು ಇದಕ್ಕೇ. ಮೂಗು ಕಟ್ಟಿದ ದಿನ ಡೈವ್ ಬಿಟ್ಟು ಮರುದಿನ ಮಾಡಬಹುದು. ಒಂದೇ ಬೆಳಗ್ಗೆ ಇದ್ದವರು ದುಡ್ಡು ಹೋಗುತ್ತದೆ ಅಂತ ನೆಗಡಿಯಲ್ಲೇ ಇಳಿಯುತ್ತಾರೆ.

ಆಸ್ತಮಾ, ಹೃದಯದ ತೊಂದರೆ, ಮೂರ್ಛೆ, ಹಿಂದೆ ಕಿವಿ ಅಥವಾ ಶ್ವಾಸಕೋಶದ ಆಪರೇಷನ್ ಆಗಿದ್ದರೆ ಊರಲ್ಲೇ ಡಾಕ್ಟರ್‌ಗೆ ತೋರಿಸಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಗರ್ಭಿಣಿಯರು ಮಾಡಲೇಬಾರದು. ಅಲ್ಲಿ ಕೊಡುವ ಫಾರ್ಮ್‌ನಲ್ಲಿ ಎಲ್ಲಕ್ಕೂ ಇಲ್ಲ ಇಲ್ಲ ಅಂತ ಬರೆದು ಸಹಿ ಹಾಕಬೇಡಿ. ಆ ಪ್ರಶ್ನೆಗಳನ್ನು ನಿಮ್ಮ ಜೀವ ಉಳಿಸಲಿಕ್ಕೇ ಕೇಳಿರುತ್ತಾರೆ.

ತುಂಗಾತೀರ

ಡಾಕ್ಟರೇ, ನಿಮ್ಮ ಉತ್ತರ ಪ್ರಿಂಟ್ ತೆಗೆದು ಇಟ್ಟುಕೊಂಡೆ. ತಮ್ಮನಿಗೆ ಚಿಕ್ಕಂದಿನಲ್ಲಿ ವೀಸಿಂಗ್ ಇತ್ತು. ನಾಳೆಯೇ ತೋರಿಸುತ್ತೇವೆ.

ಮಂಡ್ಯದ ಕಿವಿ ಡಾಕ್ಟರ್

ತೋರಿಸಿ. ಶ್ವಾಸಕೋಶದ ಪರೀಕ್ಷೆ ಒಂದು ಮಾಡಿಸಿದರೆ ಸಂದೇಹ ಇರಲ್ಲ.

ಮಸ್ಕತ್ ಕನ್ನಡಿಗ

ನಾನು ಒಮಾನ್‌ನಲ್ಲಿರುವವನು. ಇಲ್ಲಿನ ದಯ್ಮಾನಿಯಾತ್ ದ್ವೀಪಗಳಲ್ಲಿ ಡೈವ್ ಮಾಡುತ್ತಿರುತ್ತೇನೆ. ಮಾಲ್ಡೀವ್ಸ್, ಅಂಡಮಾನ್ ಎರಡೂ ನೋಡಿದ್ದೇನೆ. ಕೆಲವರು ಮಾಲ್ಡೀವ್ಸ್ ಬಿಟ್ಟು ಅಂಡಮಾನ್ ಯಾಕೆ ಅನ್ನುತ್ತಾರೆ. ಎರಡರ ನೆಲವೇ ಬೇರೆ.

ಮಾಲ್ಡೀವ್ಸ್ ಮತ್ತು ನಮ್ಮ ಲಕ್ಷದ್ವೀಪ ಬರೀ ಹವಳದಿಂದ ಆದ ದ್ವೀಪಗಳು. ಬೆಟ್ಟ ಇಲ್ಲ, ಹೊಳೆ ಇಲ್ಲ, ಮಣ್ಣು ತೊಳೆದು ಬರುವುದಿಲ್ಲ. ಅದಕ್ಕೇ ನೀರು ಅಷ್ಟು ತಿಳಿ. ಅಂಡಮಾನ್ ಬರ್ಮಾದಿಂದ ಇಳಿದು ಬಂದ ಬೆಟ್ಟಸಾಲಿನ ನೆತ್ತಿ. ಮೇಲೆ ದಟ್ಟ ಕಾಡು, ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಮಳೆಗೆ ಮಣ್ಣು ಕಡಲಿಗೆ ಸೇರುತ್ತದೆ. ಆದ್ದರಿಂದ ವಿಸಿಬಿಲಿಟಿ, ಅಂದರೆ ನೀರಿನಡಿ ಕಣ್ಣಿಗೆ ಕಾಣುವ ದೂರ, ಒಂದು ದಿನ ಮೂವತ್ತು ಮೀಟರ್, ಮರುದಿನ ಹತ್ತು. ದೊಡ್ಡ ಪ್ರಾಣಿಯೇ ಬೇಕು, ಮ್ಯಾಂಟಾ ಅನ್ನುವ ದೊಡ್ಡ ರೇ ಮೀನು ಬೇಕು, ತಿಮಿಂಗಿಲ ಶಾರ್ಕ್ ಬೇಕು ಅನ್ನುವವರು ಮಾಲ್ಡೀವ್ಸ್‌ಗೇ ಹೋಗಲಿ. ಅಂಡಮಾನ್‌ನಲ್ಲಿ ಅವು ಬಂದರೆ ಬಂತು. ಅಲ್ಲಿನ ಬಂಡೆಗಳ ಮೇಲಿನ ಮೆದು ಹವಳ, ಮೀನಿನ ಹಿಂಡು ಮಾತ್ರ ನನಗೆ ಬೇರೆ ಎಲ್ಲೂ ಅಷ್ಟು ಹಿಡಿಸಿಲ್ಲ. ಪಾಸ್‌ಪೋರ್ಟ್ ಬೇಡ, ಕನ್ನಡದವರಿಗೆ ಹಿಂದಿಯಲ್ಲಿ ಮಾತಾಡಿ ಕೋರ್ಸ್ ಮುಗಿಸಬಹುದು, ಖರ್ಚೂ ಕಡಿಮೆ.

ಬ್ಯಾರೆನ್ ದ್ವೀಪದ ಬಗ್ಗೆ ಯಾರಾದರೂ ಹೇಳುತ್ತೀರಾ? ಭಾರತದ ಜೀವಂತ ಜ್ವಾಲಾಮುಖಿ ಇರುವ ಜಾಗ. ಅಲ್ಲಿ ಡೈವ್ ಮಾಡಬೇಕು ಅಂತ ನನಗೆ ಬಹಳ ಆಸೆ.

ಕರಾವಳಿ ಡೈವರ್

ಬ್ಯಾರೆನ್ ಪೋರ್ಟ್ ಬ್ಲೇರ್‌ನಿಂದ ಸುಮಾರು 135 ಕಿಲೋಮೀಟರ್ ಈಶಾನ್ಯಕ್ಕೆ. ದಿನದ ಬೋಟ್‌ನಲ್ಲಿ ಆಗಲ್ಲ ಸರ್. ಬೋಟ್‌ನಲ್ಲೇ ಉಳಿದುಕೊಳ್ಳುವ ಪ್ರವಾಸ, ಅನುಮತಿ ಬೇಕು, ದ್ವೀಪದ ಮೇಲೆ ಇಳಿಯಲಿಕ್ಕೆ ಬಿಡಲ್ಲ. ಕಪ್ಪು ಲಾವಾ ಮರಳಿನ ಇಳಿಜಾರು, ನೀರು ತುಂಬಾ ತಿಳಿ, ಮ್ಯಾಂಟಾ ಬರುವ ಜಾಗ. ಅಡ್ವಾನ್ಸ್ಡ್ ಆಗಿ ಸಾಕಷ್ಟು ಡೈವ್ ಆದವರಿಗೆ ಮಾತ್ರ ಅದು. ಏನಾದರೂ ಆದರೆ ಆಸ್ಪತ್ರೆ ಬಹಳ ದೂರ.

ಹಾಗೇ ಒಂದು ಮಾತು. ಹ್ಯಾವ್‌ಲಾಕ್‌ನಲ್ಲಿ ನಿಮ್ಮ ಬೋಟ್ ನಡೆಸುವವರನ್ನು ಮಾತಾಡಿಸಿ. ಅವರಲ್ಲಿ ಕರೆನ್ ಸಮುದಾಯದವರು ಬಹಳ ಜನ ಇದ್ದಾರೆ. 1925ರ ಹೊತ್ತಿಗೆ ಬ್ರಿಟಿಷರು ಬರ್ಮಾದಿಂದ ಮಧ್ಯ ಅಂಡಮಾನ್‌ಗೆ ಕರೆತಂದ ಕುಟುಂಬಗಳ ಮೊಮ್ಮಕ್ಕಳು ಅವರು. ಹ್ಯಾವ್‌ಲಾಕ್‌ನ ಹಳ್ಳಿಗಳಲ್ಲಿ ಇರುವವರು ಹೆಚ್ಚಾಗಿ ಪೂರ್ವ ಬಂಗಾಳದಿಂದ ಬಂದು ನೆಲೆ ನಿಂತವರು, ಅದಕ್ಕೇ ಊರಿನ ಹೆಸರೆಲ್ಲ ಗೋವಿಂದನಗರ, ಕೃಷ್ಣನಗರ, ರಾಧಾನಗರ. ಡುಂಗಿ ಅಂತ ಕರೆಯುವ ಮರದ ಬೋಟ್ ಮೇಲೆ ನಿಂತು, ದೂರದ ಎರಡು ಗುಡ್ಡಗಳ ಸಾಲು ನೋಡಿಯೇ ನೀರಿನಡಿಯ ಬಂಡೆ ಎಲ್ಲಿದೆ ಅಂತ ಹೇಳಬಲ್ಲವರು ಅಲ್ಲಿದ್ದಾರೆ. ಅವರ ಹತ್ತಿರ ಕಲಿಯುವುದು ಬಹಳ ಇದೆ.

ಹುಬ್ಬಳ್ಳಿ ಅಕ್ಕ

ಡೈವ್ ಸೆಂಟರ್ ಆರಿಸುವಾಗ ಜೋಪಾನ. ಹೋದ ಸಲ ನಮ್ಮ ಪರಿಚಯದ ಕುಟುಂಬವೊಂದು ಜೆಟ್ಟಿಯ ಹತ್ತಿರ ಸಿಕ್ಕ ಏಜೆಂಟ್ ಕಡಿಮೆ ರೇಟ್ ಹೇಳಿದ ಅಂತ ಹೋದರು. ಒಬ್ಬ ಇನ್‌ಸ್ಟ್ರಕ್ಟರ್, ಸಾಲಾಗಿ ಜನ. ಒಬ್ಬೊಬ್ಬರಿಗೆ ಹತ್ತು ನಿಮಿಷ, ಅದರಲ್ಲಿ ಅರ್ಧ ಫೋಟೋ ವಿಡಿಯೋಗೆ. ಮೀನು ಬರಲಿ ಅಂತ ಬಿಸ್ಕತ್ತು ಬೇರೆ ಹಾಕುತ್ತಿದ್ದರಂತೆ.

ಹವಳ ವಿದ್ಯಾರ್ಥಿ

ಬಿಸ್ಕತ್ತು ಹಾಕುವ ಕಡೆಗೆ ಹೋಗಲೇಬೇಡಿ. ಆ ಮೀನುಗಳು ಪಾಚಿ ತಿನ್ನುವುದು ಬಿಡುತ್ತವೆ.

ಕರಾವಳಿ ಡೈವರ್

ಫೋನ್‌ನಲ್ಲೇ ಕೇಳಿ. ಟ್ರೈ ಡೈವ್‌ಗೆ ಒಬ್ಬರಿಗೆ ಒಬ್ಬ ಇನ್‌ಸ್ಟ್ರಕ್ಟರಾ? ನೀರಿನಡಿ ಎಷ್ಟು ಹೊತ್ತು? ಬೋಟ್‌ನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯಾ? ತುರ್ತಿಗೆ ಎಲ್ಲಿಗೆ ಒಯ್ಯುತ್ತೀರಿ? ಸರಿಯಾದ ಕಡೆ ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬರುತ್ತದೆ. ಇಷ್ಟು ಕೇಳಿದ್ದಕ್ಕೇ ಸಿಡುಕಿದರೆ ಅಲ್ಲಿಗೆ ಹೋಗಬೇಡಿ.

ನಿಮ್ಮ ಯಜಮಾನರಿಗೆ ಒಂದು ಎಚ್ಚರಿಕೆ. ಟೈಟನ್ ಟ್ರಿಗರ್‌ಫಿಶ್ ಅಂತ ಒಂದು ಮೀನಿದೆ. ಮೊಳಕ್ಕಿಂತ ಉದ್ದ, ಹಳದಿ ಹಸಿರು ಮೈ, ಗಟ್ಟಿ ಹಲ್ಲು. ತಳದಲ್ಲಿ ಗುಳಿ ಮಾಡಿ ಮೊಟ್ಟೆ ಇಟ್ಟಿರುವಾಗ ಹತ್ತಿರ ಹೋದವರನ್ನು ಅಟ್ಟಿಸಿಕೊಂಡು ಬರುತ್ತದೆ. ಗುಳಿಯಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವ ಜಾಗ ಪೂರ್ತಿ ತನ್ನದು ಅಂತ ಕಾಯುತ್ತದೆ. ಗಾಬರಿಯಲ್ಲಿ ಮೇಲಕ್ಕೆ ಹೋದರೆ ಇನ್ನೂ ಅದರ ಜಾಗದಲ್ಲೇ ಇರುತ್ತೀರಿ. ಫಿನ್ ಅದರ ಕಡೆ ಇಟ್ಟುಕೊಂಡು ಅಡ್ಡಕ್ಕೆ ಈಜಿ ದೂರ ಹೋಗಬೇಕು. ಕಪ್ಪು ಬಿಳಿ ಪಟ್ಟೆಯ ಕಡಲಹಾವು ಕಂಡರೆ ಅಷ್ಟು ಚಿಂತೆ ಬೇಡ. ವಿಷ ಇದೆ, ಆದರೆ ತಾನಾಗಿ ಮೈಮೇಲೆ ಬರುವ ಪ್ರಾಣಿ ಅಲ್ಲ. ಕೈ ಹಾಕದಿದ್ದರೆ ಆಯಿತು.

ಬಸವನಗುಡಿ ಬಾಯ್

ನಗದು ಇಟ್ಟುಕೊಳ್ಳಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಎಷ್ಟೋ ಸುಧಾರಿಸಿದೆ, ಆದರೂ ಕೆಲವು ಸಲ ಫೋನ್‌ಪೇ ಕೈಕೊಡುತ್ತದೆ. ಸಂಜೆ ಬೀಚ್‌ನಲ್ಲಿ ಮರಳುನೊಣ ಕಚ್ಚುತ್ತವೆ, ತೆಂಗಿನೆಣ್ಣೆ ಹಚ್ಚಿಕೊಳ್ಳಿ.

ತುಂಗಾತೀರ

ಎಲ್ಲರೂ ಇಷ್ಟು ಸಮಯ ಕೊಟ್ಟಿದ್ದೀರಿ, ಮನಸ್ಸು ತುಂಬಿ ಬಂತು. ತೀರ್ಮಾನ ಆಯಿತು. ಬಾರಾಟಾಂಗ್ ಬಿಟ್ಟೆವು, ನೀಲ್ ಮುಂದಿನ ಸಲಕ್ಕೆ. ಹ್ಯಾವ್‌ಲಾಕ್ ಐದು ರಾತ್ರಿ, ಪೋರ್ಟ್ ಬ್ಲೇರ್ ಒಂದು. ಯಜಮಾನರು ಅಡ್ವಾನ್ಸ್ಡ್. ತಮ್ಮನದು ಡಾಕ್ಟರ್ ಒಪ್ಪಿದರೆ ಓಪನ್ ವಾಟರ್. ನನಗೆ ನೀಮೋ ರೀಫ್.

ಒಂದೇ ಒಂದು ಬಾಕಿ. ನನಗೆ ಕನ್ನಡಕ ಇದೆ, ದೂರದ್ದು ಮೂರು ಪಾಯಿಂಟ್. ಮಾಸ್ಕ್ ಒಳಗೆ ಕನ್ನಡಕ ಹಾಕಲಿಕ್ಕೆ ಆಗುತ್ತಾ?

ಕರಾವಳಿ ಡೈವರ್

ಆಗಲ್ಲ ಮೇಡಂ, ಕನ್ನಡಕದ ಕಡ್ಡಿ ಅಡ್ಡ ಬಂದು ಮಾಸ್ಕ್ ಒಳಗೆ ನೀರು ನುಗ್ಗುತ್ತದೆ. ಪವರ್ ಗಾಜಿನ ಮಾಸ್ಕ್ ಕೆಲವು ಸೆಂಟರ್‌ಗಳಲ್ಲಿ ಇರುತ್ತದೆ. ಬುಕ್ ಮಾಡುವಾಗಲೇ ನಿಮ್ಮ ನಂಬರ್ ಹೇಳಿ ತೆಗೆದಿಡಿಸಿ. ನೀರಿನಡಿ ಎಲ್ಲವೂ ಸ್ವಲ್ಪ ದೊಡ್ಡದಾಗಿ, ಹತ್ತಿರ ಇದ್ದಂತೆ ಕಾಣುತ್ತದೆ. ಹಾಗಾಗಿ ಮೂರಕ್ಕೆ ಬದಲು ಎರಡೂವರೆ ಸಿಕ್ಕರೂ ನಡೆಯುತ್ತದೆ.

ಮಂಡ್ಯದ ಕಿವಿ ಡಾಕ್ಟರ್

ಒಂದು ದಿನ ಹಾಕಿ ಬಿಸಾಡುವ ಮೆದು ಕಾಂಟ್ಯಾಕ್ಟ್ ಲೆನ್ಸ್ ಕೂಡ ಆಗುತ್ತದೆ. ಮಾಸ್ಕ್‌ಗೆ ನೀರು ಬಂದಾಗ ಮಾತ್ರ ಕಣ್ಣು ಮುಚ್ಚಿಕೊಂಡೇ ಊದಿ ಹೊರಹಾಕಿ, ಇಲ್ಲದಿದ್ದರೆ ಲೆನ್ಸ್ ಕೊಚ್ಚಿ ಹೋಗುತ್ತದೆ. ಡೈವ್ ಆದ ಮೇಲೆ ಅದನ್ನು ತೆಗೆದು ಬಿಸಾಡಿ, ಮತ್ತೆ ಬಳಸಬೇಡಿ. ಹೊಸ ಜೊತೆ ಒಂದೆರಡು ಬ್ಯಾಗಿನಲ್ಲಿ ಇರಲಿ.